ದಪ್ಪ ಗಾಲಿಯ ದೊಡ್ಡ ಅಳಿಯ

ಬ್ಯಾಡಗಿಯ ಮೆಣಸಿನಕಾಯಿ ದಲಾಲ ಶಂಭುಲಿಂಗನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಭಾದ್ರಪದದ ಒಂದು ಭಾನುವಾರ, ಹಲಗೇರಿಯ ಮಾವನ ಮನೆಯ ಕಟ್ಟೆಯ ಮೇಲೆ, ಒಂದು ಕಾಲಿನಲ್ಲಿ ಚಪ್ಪಲಿ ಇದ್ದು ಇನ್ನೊಂದು ಕಾಲಿನಲ್ಲಿ ಇಲ್ಲದ ಹೊತ್ತಿನಲ್ಲಿ. ಇಲ್ಲದ ಚಪ್ಪಲಿ ಮಾವನ ಹೊಲದ ದಾರಿಯ ಎರೆಮಣ್ಣಿನಲ್ಲಿ ಉಳಿದಿತ್ತು. ಅದಕ್ಕೆ ಜೊತೆಯಾಗಿ ಅವನ ಸ್ಕೂಟರೂ ಅಲ್ಲೇ ಉಳಿದಿತ್ತು. ಹೊಲ ನೋಡಿ ಬರುತ್ತೇನೆಂದು ದೊಡ್ಡ ಅಳಿಯನ ಠೀವಿಯಲ್ಲಿ ಹೊರಟವನು ಅರ್ಧ ದಾರಿಯಿಂದ ಕುಂಟುತ್ತ ಮರಳಿ, ಕಾಲು ತೊಳೆಯಲು ನೀರು ಕೇಳಬೇಕು ಎನ್ನುವಷ್ಟರಲ್ಲಿ, ಅದೇ ದಾರಿಯಿಂದ ಅವನ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ ವಿಜಯಮಹಾಂತೇಶ, ಸೈಕಲ್ಲಿನ ಮೇಲೆ ಸಿಳ್ಳೆ ಹಾಕುತ್ತ ಬಂದ.

ವಿಜಯಮಹಾಂತೇಶ ಹಾವೇರಿಯಲ್ಲಿ ಹಲ್ಲಿನ ಡಾಕ್ಟರ್. ಅವನ ಎರಡೂ ಚಪ್ಪಲಿ ಕಾಲಿನಲ್ಲೇ ಇದ್ದವು. ಸೈಕಲ್ಲಿನ ಹಿಂದೆ ಮಾವನ ಹೊಲದ್ದೇ ಮೆಕ್ಕೆತೆನೆಗಳ ಹೊರೆ. ಗಾಲಿಗಳಂತೂ ಆಗಷ್ಟೇ ಕುರಿ ನುಂಗಿದ ಹೆಬ್ಬಾವು ಸುರುಳಿ ಸುತ್ತಿ ಮಲಗಿದ ಹಾಗಿದ್ದವು.

"ಅಯ್ಯ ನಮ್ಮಪ್ಪಾ! ಈ ರಾಡ್ಯಾಗ ಸೈಕಲ್ ಹೊಡಕೊಂಡು ಬಂದ್ರೇನ?" ಎಂದು ಅತ್ತೆ ಗದಿಗೆವ್ವ ಶಂಭುಲಿಂಗನಿಗೆಂದು ತಂದ ನೀರಿನ ತಂಬಿಗೆಯನ್ನು ಸಣ್ಣ ಅಳಿಯನ ಕೈಗೆ ಕೊಟ್ಟಳು.

"ಗಾಲಿ ನೋಡ್ರಿ ಅತ್ತಿ. ನಾಕು ಇಂಚು ಅಗಲ. ಗಾಳಿ ಸ್ವಲ್ಪ ಕಡಿಮಿ ಇಟ್ರ ಕೆಸರಿನ ಮ್ಯಾಲೆ ಬಾತುಕೋಳಿ ಹೋದಂಗ ಹೋಗತೈತಿ."

ಮಾವ ಶಂಕ್ರಪ್ಪ ಎದ್ದು ಬಂದು, ಎತ್ತು ಕೊಳ್ಳುವವನು ಭುಜ ಒತ್ತಿ ನೋಡುವಂತೆ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಆಮೇಲೆ ಯಾರ ಮುಖವನ್ನೂ ನೋಡದೆ ಆ ಮಾತು ಆಡಿದ.

"ಈ ವರ್ಷ ಮಳಿ ಜಗ್ಗಿ ಐತಿ. ಹೊಲದ ದಾರ್ಯಾಗ ಬಂಡಿ ಇಳಿಯಂಗಿಲ್ಲ. ಸೀಗಿ ಹುಣ್ಣಿವಿಗೆ ಚರಗದ ಬುಟ್ಟಿ ಸಣ್ಣ ಅಳಿಯಾರ ಸೈಕಲ್ ಮ್ಯಾಲೆ ಹೋಗಲಿ ಬಿಡು."

ಈ ಮಾತು ಎಂಥದ್ದೆಂದು ತಿಳಿಯಬೇಕಾದರೆ ಚರಗವೆಂದರೇನೆಂದು ತಿಳಿಯಬೇಕು. ಸೀಗೆ ಹುಣ್ಣಿಮೆಯ ದಿನ ಬೆಳೆ ಹೊತ್ತು ನಿಂತ ಭೂಮಿತಾಯಿ ಬಸುರಿ. ಬಸುರಿಯ ಬಯಕೆ ತೀರಿಸಲು ಕಡಬು, ಹೋಳಿಗೆ, ಬಾನ, ಪುಂಡಿಪಲ್ಯ, ಎಣ್ಣೆಗಾಯಿ ಎಲ್ಲ ಮಾಡಿ, ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ, ಬನ್ನಿಗಿಡದ ಬುಡದಲ್ಲಿ ಪೂಜೆ ಮಾಡಿ, ಎಲ್ಲವನ್ನೂ ಕಲಸಿ ಬೆಳೆಯ ಮೇಲೆ ಚೆಲ್ಲಬೇಕು. ಅದು ಚರಗ. ಚೆಲ್ಲುವವನು ಮನೆಯ ಮಗ. ಶಂಕ್ರಪ್ಪನಿಗೆ ಇಬ್ಬರೂ ಹೆಣ್ಣುಮಕ್ಕಳಾದ್ದರಿಂದ, ಮದುವೆಯಾದ ವರ್ಷದಿಂದ ಆ ಬುಟ್ಟಿಗೆ ಕೈ ಹಾಕಿದವನು ಶಂಭುಲಿಂಗ. ಆ ದಿನ ಅವನು ಮುಂದೆ, ಮಾವ ನೀರು ಚಿಮುಕಿಸುತ್ತ ಅವನ ಹಿಂದೆ, ಉಳಿದ ಲೋಕ ಮಾವನ ಹಿಂದೆ. ವರ್ಷದ ಉಳಿದೆಲ್ಲ ದಿನ ಪೇಟೆಯಲ್ಲಿ ಖರೀದಿದಾರರ ಬೈಗುಳ ಕೇಳುವ ಮನುಷ್ಯನಿಗೆ ಆ ಒಂದು ದಿನವೇ ಸಿಂಹಾಸನ. ಅದು ಈಗ ನಾಲ್ಕು ಇಂಚಿನ ಗಾಲಿಯಡಿ ಸಿಕ್ಕಿತ್ತು.

"ಆಗಲಿ ಮಾವಾರ," ಎಂದ ಶಂಭುಲಿಂಗ. ನಗುವನ್ನೂ ನಕ್ಕ. ಆ ನಗು ನೋಡಿ ಕಟ್ಟಿದ ಎಮ್ಮೆ ಹಗ್ಗ ಜಗ್ಗಿತು.

ಬ್ಯಾಡಗಿಗೆ ಮರಳಿದ ಮೇಲೆ ಅವನಿಗೆ ಊಟ ಸೇರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಶಂಭುಲಿಂಗನೂ ಅದೇ ಜಾತಿ. ಮುಖ ಕೆಂಪಗಾಯಿತು, ಬಾಯಲ್ಲಿ ಮಾತು ಬರಲಿಲ್ಲ. ಹೆಂಡತಿ ದ್ರಾಕ್ಷಾಯಿಣಿ ನೋಡುವಷ್ಟು ನೋಡಿ ಕೇಳಿದಳು.

"ಏನಾತ್ರಿ? ಸ್ಕೂಟರ್ ತೊಳಿಸಿಕೊಂಡು ಬಂದೀರಿ, ಚಪ್ಪಲ್ಲಿ ಹೊಸಾವು ತಂದೀರಿ. ಮತ್ಯಾಕ ಮಾರಿ ಹಿಂಗ?"

"ನಿನ್ನ ತಂಗಿ ಗಂಡ ಸೈಕಲ್ ತಗೊಂಡಾನ."

"ತಗೊಳ್ಳಲಿ ಬಿಡ್ರಿ. ದಿನಾ ಕುಂತು ಮಂದಿ ಬಾಯಿ ನೋಡಿ ನೋಡಿ ಮೈ ಬಂದೈತಿ, ಕರಗಿಸಾಕ ತಗೊಂಡಾನ."

"ನಾಕು ಇಂಚಿನ ಗಾಲಿ, ದ್ರಾಕ್ಷಾಯಿಣಿ!"

ಅವಳು ರೊಟ್ಟಿ ತಿರುವಿ ಹಾಕಿದಳು.

ಆ ರಾತ್ರಿಯೇ ಅವನೊಳಗೆ ಸಂಕಲ್ಪವಾಯಿತು. ನಾಲ್ಕಕ್ಕಿಂತ ದಪ್ಪದ ಗಾಲಿ ಈ ಭೂಮಂಡಲದಲ್ಲಿ ಎಲ್ಲಿದ್ದರೂ ತರಬೇಕು. ಆದರೆ ಷಡ್ಡಕನ ಗಾಲಿ ಖರೆಯೇ ನಾಲ್ಕು ಇಂಚೋ, ಅಥವಾ ಮಾವನೆದುರು ಕೊಚ್ಚಿಕೊಂಡದ್ದೋ, ಅದು ಮೊದಲು ತಿಳಿಯಬೇಕು. ಮರುದಿನ ಮೆಣಸಿನಕಾಯಿ ಚೀಲ ಹೊಲಿಯುವ ಸುತಳಿಯ ತುಂಡೊಂದನ್ನು ಕಿಸೆಯಲ್ಲಿಟ್ಟುಕೊಂಡು ಹಾವೇರಿಯ ಬಸ್ಸು ಹತ್ತಿದ.

ಸೈಕಲ್ಲು ದವಾಖಾನೆಯ ಪಡಸಾಲೆಯಲ್ಲೇ ನಿಂತಿತ್ತು. ಶಂಭುಲಿಂಗ ಅತ್ತಿತ್ತ ನೋಡಿ, ಕುಕ್ಕರಗಾಲಿನಲ್ಲಿ ಕುಳಿತು, ಗಾಲಿಯ ಅಗಲಕ್ಕೆ ಸುತಳಿ ಹಿಡಿದು, ಗುರುತಿಗೆ ಗಂಟು ಹಾಕುವ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯಿತು.

"ಅಣ್ಣಾರ? ಇಲ್ಲೇನ್ ಮಾಡಾಕತ್ತೀರಿ?"

"ಹಲ್ಲು," ಎಂದ ಶಂಭುಲಿಂಗ. "ಹಲ್ಲು ಬ್ಯಾನಿ."

"ಹಲ್ಲು ಬ್ಯಾನಿಗೆ ನನ್ನ ಗಾಲಿ ತೆಕ್ಕಿ ಬಡಕೊಂಡು ಕುಂತೀರಲ್ಲರಿ?"

"ಬ್ಯಾನಿ ತಡಿಲಾರದ ಕೈಗೆ ಸಿಕ್ಕಿದ್ದು ಹಿಡಕೊಂಡೆ."

ವಿಜಯಮಹಾಂತೇಶನ ಮುಖ ಅರಳಿತು. ಹಿರಿಯ ಷಡ್ಡಕ ಅವನ ಕುರ್ಚಿಗೆ ಬರಬೇಕೆಂದು ಅವನು ಎಷ್ಟು ದಿನದಿಂದ ಕಾಯುತ್ತಿದ್ದನೋ ಏನೋ. ಕೈ ಹಿಡಿದು ಒಳಗೆ ಒಯ್ದ, ಕುರ್ಚಿ ಹಿಂದಕ್ಕೆ ವಾಲಿಸಿದ, ದೀಪ ಹಚ್ಚಿ ಬಾಯೊಳಗೆ ಇಣುಕಿದ. ದೇವರು ದೊಡ್ಡವನು, ಸುಳ್ಳು ಹೇಳಿದವನ ಬಾಯಲ್ಲಿ ಖರೆಯೇ ಒಂದು ಕೆಟ್ಟ ಹಲ್ಲನ್ನು ಇಟ್ಟಿದ್ದ.

"ಅಬಾಬಾ! ಇದನ್ನಿಟ್ಟುಕೊಂಡು ಹೆಂಗ ಸುಮ್ಮನಿದ್ರಿ ಅಣ್ಣಾರ? ಪೂರಾ ಹುಳಾ ತಿಂದೈತಿ. ಇವತ್ತ ಕಿತ್ತಿ ಒಗಿಯೋಣು."

ಬೇಡವೆಂದರೆ ಗಾಲಿಯ ಸಂಗತಿ ಹೊರಗೆ ಬೀಳುತ್ತದೆ. ಶಂಭುಲಿಂಗ ಕಣ್ಣು ಮುಚ್ಚಿ ಕದರಮಂಡಲಗಿಯ ಆಂಜನೇಯನನ್ನು ನೆನೆದ. ಹಲ್ಲು ಹೋಯಿತು. ಆ ಜಾಗದಲ್ಲಿ ಹತ್ತಿ ಬಂತು.

"ಹತ್ತಿ ಗಟ್ಟಿ ಕಚ್ಚಿ ಹಿಡೀರಿ. ಇವತ್ತು ಮಾತು ಆದಷ್ಟು ಕಡಿಮಿ. ರೊಕ್ಕಾ ಅಂತ ಕಿಸೆಕ್ಕ ಕೈ ಹಾಕಿದ್ರ ನೋಡ್ರಿ ಮತ್ತ! ನಮ್ಮವರ ಹತ್ತಿರ ತಗೋತಾರೇನು?"

ಬಿಟ್ಟಿ ಉಪಕಾರ ಹೊಟ್ಟೆಕಿಚ್ಚಿಗೆ ತುಪ್ಪ ಸುರಿದಂತಾಯಿತು. ದವಾಖಾನೆಯಿಂದ ಹೊರಬಿದ್ದು ಸುತಳಿಯನ್ನು ಅಳೆದ. ನಾಲ್ಕು ಇಂಚು ಖರೆ.

ಮನೆಗೆ ಹೋಗುವ ಬದಲು ಅವನು ರಾಣೆಬೆನ್ನೂರಿನಲ್ಲಿ ಇಳಿದ. ಕೆಸರಿನಲ್ಲಿ ಮುಳುಗದ ಗಾಲಿ ಯಾವುದು? ಟ್ರ್ಯಾಕ್ಟರಿನದು. ಹಾಗಾದರೆ ಸೈಕಲ್ಲಿನ ಗಾಲಿ ಆರಿಸುವ ಮೊದಲು ಗಾಲಿಗಳ ಕುಲದ ಹಿರಿಯನನ್ನು ಕಂಡು ಬರುವುದು ಲೇಸೆಂದು ಟ್ರ್ಯಾಕ್ಟರ್ ಟೈರಿನ ಅಂಗಡಿಯೊಂದನ್ನು ಹೊಕ್ಕ. ಅಲ್ಲಿ ಆಳೆತ್ತರದ ಟೈರುಗಳು ಗೋಡೆಗೆ ಒರಗಿದ್ದವು. ಶಂಭುಲಿಂಗ ಒಂದರ ಮೇಲೆ ಕೈಯಾಡಿಸಿದ. ದಪ್ಪ ದಪ್ಪ ಹಲ್ಲು, ಹಲ್ಲಿಗೂ ಹಲ್ಲಿಗೂ ನಡುವೆ ಗೇಣು ಜಾಗ.

ಇಲ್ಲಿಯೇ ಅವನ ಕಸುಬು ಅವನಿಗೆ ಕೈ ಕೊಟ್ಟಿತು. ಮೆಣಸಿನಕಾಯಿ ಪೇಟೆಯಲ್ಲಿ ಮಾಲು ನೋಡುವುದು ಸುಕ್ಕಿನಿಂದ. ಕಾಯಿಯನ್ನು ಅಂಗೈ ಮೇಲಿಟ್ಟು ನೋಡಬೇಕು; ಮೈ ತುಂಬ ಒತ್ತೊತ್ತಾಗಿ ಸುಕ್ಕು ಬಿದ್ದಿದ್ದರೆ ಅದು ಉತ್ತಮ, ನುಣ್ಣಗಿದ್ದರೆ ಹಗುರ ಮಾಲು. ತಲೆ ನರೆಯುವ ತನಕ ಅದನ್ನೇ ನೋಡಿದ ಕಣ್ಣು ಟೈರಿನಲ್ಲೂ ಅದನ್ನೇ ಹುಡುಕಿತು. ಹಲ್ಲು ಇಷ್ಟು ಬಿಡಿ ಬಿಡಿ! ಸುಕ್ಕೇ ಇಲ್ಲ! ಇದು ಮೂರನೆಯ ದರ್ಜೆಯ ಮಾಲು ಎಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿದ. ಕೆಸರು ಜಾರಿ ಬೀಳಲಿ ಎಂದೇ ಆ ಜಾಗ ಬಿಟ್ಟಿದ್ದಾರೆಂಬುದು ಅವನ ಗಮನಕ್ಕೆ ಬರಲಿಲ್ಲ. ಆದರೂ ರೂಢಿಯಂತೆ ಎರಡೂ ಕೈಯಿಂದ ಟೈರನ್ನು ತಬ್ಬಿ, ಮೂಗು ಹಚ್ಚಿ ವಾಸನೆ ನೋಡಿ, ರೂಢಿಯಂತೆಯೇ ಒಂದು ಸೀನು ಸೀನಿದ.

"ಏನ್ರಿ ಶಂಭುಲಿಂಗಣ್ಣಾರ! ಟ್ರ್ಯಾಕ್ಟರ್ ತಗೊಳ್ಳಾಕತ್ತೀರೇನು?"

ಬಾಗಿಲಲ್ಲಿ ಮಕ್ತುಮಸಾಬ ನಿಂತಿದ್ದ. ಬ್ಯಾಡಗಿಯಲ್ಲಿ ಶಂಭುಲಿಂಗನ ಪಕ್ಕದ ಅಂಗಡಿಯವನು, ಗೋಣಿಚೀಲದ ವ್ಯಾಪಾರಿ. ಖಾಲಿ ಚೀಲವನ್ನು ಎಷ್ಟು ಬೇಗ ಬಿಚ್ಚುತ್ತಿದ್ದನೋ ಅಷ್ಟೇ ಬೇಗ ಬಾಯಿಯನ್ನೂ.

"ಮ್ಮ್, ಮ್ಮ್ಹ್," ಎಂದ ಶಂಭುಲಿಂಗ. ಹತ್ತಿ ಗಟ್ಟಿ ಕಚ್ಚಿದ್ದ. ಇಲ್ಲವೆಂದು ತಲೆ ಅಲ್ಲಾಡಿಸಿದರೆ ದವಡೆ ನೋಯುತ್ತಿತ್ತು. ಆದ್ದರಿಂದ ಅಲ್ಲಾಡಿಸಲೂ ಇಲ್ಲ.

"ಗುಟ್ಟಾಗಿ ಇಡಬೇಕಂತೀರಿ. ತಿಳೀತು, ತಿಳೀತು. ಯಾರ ಮುಂದೂ ಬಾಯಿ ಬಿಡಂಗಿಲ್ಲ, ಅಲ್ಲಾನ ಆಣಿ!"

ಎಂದು ಅವಸರವಾಗಿ ಬ್ಯಾಡಗಿಯ ಬಸ್ಸಿಗೆ ಓಡಿದ.

ದಾದಾಪೀರನ ಸೈಕಲ್ ಅಂಗಡಿ ಅಲ್ಲಿಂದ ದೂರವಿರಲಿಲ್ಲ. ದಾದಾಪೀರ ಗಿರಾಕಿಯ ಮಾತಿಗೆ ಎಂದೂ ಇಲ್ಲವೆನ್ನದ ಮನುಷ್ಯ. ಗಿರಾಕಿ ಮಾತೇ ಆಡದಿದ್ದರೂ ಹೌದೆನ್ನಬಲ್ಲ. ಶಂಭುಲಿಂಗ ಸೈಕಲ್ಲನ್ನು ತೋರಿಸಿದ, ಗಾಲಿಯನ್ನು ತೋರಿಸಿದ, ಎರಡೂ ಕೈ ಅಗಲಿಸಿದ.

"ದಪ್ಪನ್ನದು ಬೇಕೇನ್ರಿ? ಬರೋಬ್ಬರಿ ಐತ್ರಿ! ಇದರಾಗ ನಾಕು ಇಂಚಿಂದು ಬರತೈತಿ..."

ಶಂಭುಲಿಂಗ ಕೈಯನ್ನು ಇನ್ನೂ ಅಗಲಿಸಿದ.

"ಐದರ ಹತ್ತಿರದ್ದೂ ಐತಿ! ನಿಮ್ಮಂಥಾ ತಿಳಿದಾವರು ಬರಲಿ ಅಂತ ಅಟ್ಟದ ಮ್ಯಾಲೆ ಇಟ್ಟೇನಿ."

ಅಟ್ಟದಿಂದ ಧೂಳು ಕೊಡವಿ ಕೆಲವು ಟೈರು ಇಳಿಸಿದ. ಶಂಭುಲಿಂಗ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ಮೊದಲನೆಯದರ ಹಲ್ಲು ದೂರ ದೂರ, ತಳ್ಳಿದ. ಎರಡನೆಯದೂ ಹಾಗೇ, ತಳ್ಳಿದ. ಮೂರನೆಯದನ್ನು ಕಂಡಾಗ ಅವನ ಕಣ್ಣಲ್ಲಿ ನೀರೇ ಬಂತು. ಇರುವೆ ಹೋಗಲೂ ಸಂದಿಲ್ಲದಂತೆ ಮೈತುಂಬ ಸಣ್ಣ ಸಣ್ಣ ಹಲ್ಲು. ಏನು ಸುಕ್ಕು! ಏನು ನೇಯ್ಗೆ! ಅದಕ್ಕೆ ಸುತ್ತಿದ ಕಾಗದದ ಮೇಲೆ ಹಿಮದಲ್ಲಿ ಸೈಕಲ್ ಹೊಡೆಯುವ ಬಿಳಿಯ ಮನುಷ್ಯನ ಚಿತ್ರವಿತ್ತು. ಶಂಭುಲಿಂಗ ಆ ಹಿಮದ ಮೇಲೆ ಬೆರಳಿಟ್ಟು ಹುಬ್ಬು ಏರಿಸಿದ.

"ಅದೇನ್ರಿ ಅಣ್ಣಾರ, ಅಷ್ಟು ಥಂಡ್ಯಾಗ ಅಂವಗ ಹೊಡ್ಯಾಕ ಬಂತಂದ್ರ ನಮ್ಮ ರಾಡ್ಯಾಗ ನಿಮಗ ಬರಂಗಿಲ್ಲೇನು?"

ಸೈಕಲ್ಲಿಗೆ ಆ ಟೈರು ಹಾಕಿದಾಗ ಅದಕ್ಕೂ ಅದನ್ನು ಹಿಡಿದ ಕಬ್ಬಿಣದ ಕವಲಿಗೂ ನಡುವೆ ಬೀಡಿ ತೂರುವಷ್ಟು ಸಂದು ಉಳಿಯಿತು.

"ಭಾಳ ಬಿಗಿ ಕುಂತೈತಿ," ಎಂದ ದಾದಾಪೀರ ಹೆಮ್ಮೆಯಿಂದ. "ಅಂಗಿ ಅಳತಿ ಕೊಟ್ಟು ಹೊಲಿಸಿದಂಗ ಐತ್ರಿ."

ಹಿಂದೆ ಒಂದು ಗಟ್ಟಿ ಕ್ಯಾರಿಯರ್ ಕೂಡಿಸಿಕೊಂಡು, ಮರುದಿನವೇ ಸೈಕಲ್ಲನ್ನು ಸಾಮಾನಿನ ಗಾಡಿಯಲ್ಲಿ ತರಿಸಿ, ತನ್ನ ಗೋದಾಮಿನ ಮೆಣಸಿನಕಾಯಿ ಚೀಲಗಳ ಹಿಂದೆ ಅಡಗಿಸಿದ. ಹೆಂಡತಿಗೂ ಹೇಳಲಿಲ್ಲ. ಹುಣ್ಣಿಮೆಯ ಬೆಳಿಗ್ಗೆ ಒಮ್ಮೆಲೇ ಪ್ರತ್ಯಕ್ಷನಾಗಿ ಮಾವನ ಬಾಯಿ ಮುಚ್ಚಿಸಬೇಕೆಂಬುದು ಅವನ ಹಂಚಿಕೆ.

ಆದರೆ ಅಷ್ಟರಲ್ಲಿ ಬ್ಯಾಡಗಿಯ ಬಾಯಿ ತೆರೆದಿತ್ತು. ಮಕ್ತುಮಸಾಬ ಆಣೆಯನ್ನು ಮುರಿಯಲಿಲ್ಲ; ಅವನು ಯಾರಿಗೂ ಏನೂ ಹೇಳದೆ ಕೇವಲ "ಶಂಭುಲಿಂಗಣ್ಣಾರದು ಏನೋ ದೊಡ್ಡದ ಐತಪಾ" ಎಂದು ನಿಟ್ಟುಸಿರು ಬಿಟ್ಟ. ಜನ ಉಳಿದದ್ದನ್ನು ತಾವೇ ಕೇಳಿ ತೆಗೆದರು. ಸಂಜೆಯ ಹೊತ್ತಿಗೆ ಶಂಭುಲಿಂಗ ಟ್ರ್ಯಾಕ್ಟರ್ ಕೊಂಡಿದ್ದ. ಮರುದಿನ ಟ್ರೇಲರನ್ನೂ ಕೊಂಡ. ಮೂರನೆಯ ದಿನ ಅವನ ಮಾವ ಹೊಲವನ್ನೇ ಅವನ ಹೆಸರಿಗೆ ಬರೆಯುವವನಿದ್ದ.

ದ್ರಾಕ್ಷಾಯಿಣಿ ನಲ್ಲಿಗೆ ಹೋದರೆ ಹೆಂಗಸರು ದಾರಿ ಬಿಟ್ಟು ನಿಂತರು. ಬ್ಯಾಂಕಿನ ಸಾಹೇಬನೊಬ್ಬ ಅಂಗಡಿಯವರೆಗೆ ತಾನೇ ನಡೆದು ಬಂದು, ಖುರ್ಚಿ ಒರೆಸಿಕೊಂಡು ಕುಳಿತ.

"ನೋಡ್ರಿ ಶಂಭುಲಿಂಗ ಅವರ, ಟ್ರ್ಯಾಕ್ಟರ್ ಸಾಲಕ್ಕ ನಮ್ಮ ಕಡೆ ಬರ್ಲಿಲ್ಲಂದ್ರ ನಮಗ ಕೆಟ್ಟ ಅನಸತೈತಿ. ನಾವೇನು ಪರಕೀಯರೇನು?"

"ಅದು ಹಂಗಲ್ರಿ ಸಾಹೇಬ್ರ, ನಾ..."

"ನಗದೀನ ಕೊಟ್ಟೀರಿ?" ಸಾಹೇಬ ಎದ್ದೇ ನಿಂತ. "ನಮಸ್ಕಾರರಿ!"

ಸಾಲ ಕೇಳಿ ಹೋದಾಗ ಗಂಟೆಗಟ್ಟಲೆ ಬಾಕಿನ ಮೇಲೆ ಕೂಡಿಸಿದ ಮನುಷ್ಯ ಈಗ ಕೈ ಮುಗಿದು ಹಿಂದೆ ಹಿಂದೆ ಸರಿದು ಮೆಟ್ಟಿಲಿಳಿದ. ಇಂಥ ಸುಖವನ್ನು ಒಂದೇ ಮಾತಿನಿಂದ ಹಾಳುಮಾಡುವಷ್ಟು ಕಟುಕನಾಗಿರಲಿಲ್ಲ ನಮ್ಮ ಶಂಭುಲಿಂಗ. ಅವನು ಸುಳ್ಳು ಹೇಳಲಿಲ್ಲ. ಸುಮ್ಮನಿದ್ದ, ಅಷ್ಟೇ.

ದ್ರಾಕ್ಷಾಯಿಣಿ ರಾತ್ರಿ ತಟ್ಟೆಗೆ ಎರಡು ಸಲ ತುಪ್ಪ ಬಡಿಸಿದಳು. "ನನಗರ ಹೇಳಬೇಕಿಲ್ಲೋ?" ಎಂದಳು, ಸಿಟ್ಟಿಲ್ಲದ ಸಿಟ್ಟಿನಲ್ಲಿ. ಅವನು ತುಪ್ಪ ನೆಕ್ಕಿದ.

ಹಾವೇರಿಯಿಂದ ಫೋನು ಬಂತು. ಷಡ್ಡಕನ ಧ್ವನಿ ಹಲ್ಲು ಕಡಿಯುತ್ತ ಬರುತ್ತಿತ್ತು.

"ಅಣ್ಣಾರ, ಹಲ್ಲು ಹೆಂಗೈತ್ರಿ? ಏನಿಲ್ಲ, ಸುಮ್ಮನ ಮಾಡಿದೆ. ಟ್ರ್ಯಾಕ್ಟರ್ ಅಂತ ಕೇಳಿದ್ವಿ. ನಿಮ್ಮ ನಾದಿನಿ ಐಶ್ವರ್ಯ ನಿನ್ನಿಯಿಂದ ಮಾತಾಡಿಲ್ಲ ನನ್ನ ಕೂಡ. ಎಷ್ಟು ಎಚ್‌ಪಿ ರೀ?"

"ಬರ್ರೆಪಾ ಹುಣ್ಣಿವಿಗೆ, ನೋಡೀರಂತ," ಎಂದ ಶಂಭುಲಿಂಗ. ಹಲ್ಲು ಕಿತ್ತ ಜಾಗ ಒಮ್ಮೆಲೇ ತಂಪಾಯಿತು.

ಕೊನೆಗೆ ಮಾವನ ಫೋನು.

"ಅಳಿಯಾರ, ನಾ ಅವತ್ತು ಏನೋ ಅಂದುಬಿಟ್ಟೆ, ಮನಸಿನ್ಯಾಗ ಇಟ್ಟುಕೊಬ್ಯಾಡ್ರಿ. ಚರಗದ ಬುಟ್ಟಿ ನಿಮ್ಮದ. ಟ್ರ್ಯಾಕ್ಟರ್ ಬರೂದಿದ್ರ ನಾ ಯಾಕ ಬ್ಯಾರೆ ಗಾಡಿ ನೋಡಲಿ? ನಿಮ್ಮತ್ತಿ ಓಣಿ ಮಂದೀನೆಲ್ಲಾ ಕರದಾಳ. ಟ್ರೇಲರ್‌ನ್ಯಾಗ ಹೋಗೂಣು. ಆ ಚನ್ನಬಸಪ್ಪ ನೋಡಿ ಹೊಟ್ಟಿ ಉರಕೊಂಡು ಸಾಯಬೇಕು!"

ಚನ್ನಬಸಪ್ಪನೆಂದರೆ ಶಂಕ್ರಪ್ಪನ ದಾಯಾದಿ, ಪಕ್ಕದ ಹೊಲದವನು. ಬದುವೊಂದರ ಜಗಳದಿಂದ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು.

ಬುಟ್ಟಿ ನಿಮ್ಮದು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಶಂಭುಲಿಂಗನಿಗೆ ಉಳಿದದ್ದು ಕೇಳಿಸಲಿಲ್ಲ. "ಹೂಂ ಮಾವಾರ," ಎಂದುಬಿಟ್ಟ.

ಹುಣ್ಣಿಮೆಯ ಬೆಳಿಗ್ಗೆ ಹಲಗೇರಿಯ ಆ ಓಣಿ ಮದುವೆ ಮನೆಯಾಗಿತ್ತು. ಹೆಂಗಸರು ಇಳಕಲ್ಲ ಸೀರೆ ಉಟ್ಟು ಸಾಲಾಗಿ ನಿಂತಿದ್ದರು. ಹಿಂದಿನ ದಿನವೇ ತವರಿಗೆ ಬಂದಿದ್ದ ದ್ರಾಕ್ಷಾಯಿಣಿ ಆರತಿ ಹಿಡಿದಿದ್ದಳು. ಟ್ರ್ಯಾಕ್ಟರಿನ ಮೂತಿಯ ಅಳತೆಗೆ ಕಟ್ಟಿಸಿದ ಚೆಂಡುಹೂವಿನ ಮಾಲೆಯನ್ನು ಇಬ್ಬರು ಹೊತ್ತಿದ್ದರು. ವಿಜಯಮಹಾಂತೇಶ ತನ್ನ ಸೈಕಲ್ಲನ್ನು ಕೊಟ್ಟಿಗೆಯ ಮರೆಗೆ ನಿಲ್ಲಿಸಿ, ಹೆಂಡತಿಯ ಕಣ್ಣು ತಪ್ಪಿಸಿ ಕಂಬಕ್ಕೆ ಆತುಕೊಂಡಿದ್ದ.

ಊರ ಹೊರಗೆ ಸಾಮಾನಿನ ಗಾಡಿಯಿಂದಿಳಿದ ಶಂಭುಲಿಂಗ, ಬಿಳಿಯ ಧೋತರ, ರೇಷ್ಮೆ ರುಮಾಲಿನಲ್ಲಿ, ದಪ್ಪ ಗಾಲಿಗಳನ್ನು ಗುಂಯ್‌ಗುಡಿಸುತ್ತ ಓಣಿಯ ತಿರುವಿನಲ್ಲಿ ಕಾಣಿಸಿಕೊಂಡ. ಎಲ್ಲರೂ ಅವನನ್ನು ದಾಟಿ ಅವನ ಬೆನ್ನ ಹಿಂದೆ ನೋಡಿದರು.

"ಬಂದ್ರು ಬಂದ್ರು, ಅಳಿಯಂದ್ರು ಮುಂದ ಬಂದ್ರು!" ಎಂದಳು ಗದಿಗೆವ್ವ. "ಟ್ಯಾಕ್ಟರ್ ಹಿಂದ ಬರಾಕತ್ತೈತೇನ್ರಿ?"

ಶಂಭುಲಿಂಗ ಇಳಿದ. ಸ್ಟ್ಯಾಂಡು ಹಾಕಿದ. ಗಂಟಲು ಸರಿಮಾಡಿಕೊಂಡ.

"ಇದ, ಅತ್ತಿಯಾರ."

"ಯಾವುದು?"

"ಇದ. ಐದು ಇಂಚಿಗೆ ಸ್ವಲ್ಪ ಕಡಿಮಿ."

ದ್ರಾಕ್ಷಾಯಿಣಿಯ ತಟ್ಟೆಯಲ್ಲಿ ಆರತಿಯ ಬತ್ತಿ ಚಿಟಚಿಟ ಅಂದದ್ದು ಎಲ್ಲರಿಗೂ ಕೇಳಿಸಿತು. ಹೂವಿನ ಮಾಲೆ ಹೊತ್ತವರಿಗೆ ಭಾರ ತಡೆಯಲಾಗದೆ, ಬಂದದ್ದು ಬಂದಿತೆಂದು ಅದನ್ನು ಸೈಕಲ್ಲಿನ ಮೇಲೆ ಹಾಕಿದರು. ಸೈಕಲ್ಲು ಕಾಣಿಸದಂತಾಯಿತು. ಕಂಬಕ್ಕೆ ಆತಿದ್ದ ವಿಜಯಮಹಾಂತೇಶನ ಮುಖದಲ್ಲಿ ಒಂದೊಂದೇ ಹಲ್ಲು ಬೆಳಗತೊಡಗಿ, ಕೊನೆಗೆ ಇಡೀ ದವಾಖಾನೆ ಬೆಳಗಿತು.

"ಅಣ್ಣಾರ! ಮೈಲೇಜ್ ಎಷ್ಟು ಕೊಡತೈತ್ರಿ?"

ಶಂಕ್ರಪ್ಪ ಹೊಲದ ಕಡೆ ನೋಡಿದ, ಏರುತ್ತಿರುವ ಬಿಸಿಲನ್ನು ನೋಡಿದ, ಬೇರೆ ಗಾಡಿ ಹೇಳದೆ ಬಿಟ್ಟ ತನ್ನ ಬುದ್ಧಿಯನ್ನು ನೆನೆದು ರುಮಾಲು ತೆಗೆದು ಕೊಡವಿದ. "ಸಣ್ಣ ಅಳಿಯಾರ, ನಿಮ್ಮ ಸೈಕಲ್ ತರ್ರಿ," ಎಂದ.

ಆಗ ದ್ರಾಕ್ಷಾಯಿಣಿ ಆರತಿ ತಟ್ಟೆಯನ್ನು ಕಟ್ಟೆಯ ಮೇಲೆ ಕುಕ್ಕಿದಳು.

"ಅಪ್ಪಾ, ಫೋನಿನ್ಯಾಗ ಏನಂದಿ? ಬುಟ್ಟಿ ಇವರದ ಅಂದಿ. ಟ್ಯಾಕ್ಟರಿಗೆ ಕೊಟ್ಟಿಯೋ, ಅಳಿಯಗ ಕೊಟ್ಟಿಯೋ?" ಎಂದವಳೇ ಚರಗದ ಬುಟ್ಟಿಯನ್ನು ಎತ್ತಿ ಗಂಡನ ಕ್ಯಾರಿಯರಿಗೆ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗ ಬಿಗಿದಳು. ಬಿಗಿಯುತ್ತಲೇ ಗಂಡನ ಕಿವಿಯ ಹತ್ತಿರ, "ಹೊಲ ಮುಟ್ಟಸ್ರಿ. ಆಮ್ಯಾಲೆ ಮನ್ಯಾಗ ಮಾತಾಡೋಣು," ಎಂದಳು. ಎರಡನೆಯ ಮಾತಿಗೆ ಹೆದರಿ ಶಂಭುಲಿಂಗ ಮೊದಲನೆಯದನ್ನು ಪಾಲಿಸಲು ಹಾರಿ ಕುಳಿತ.

ಡಾಂಬರಿನ ಮೇಲೆ ಸೈಕಲ್ಲು ರಥದಂತೆ ಸಾಗಿತು. ಹಿಂದೆ ತನ್ನ ಸೈಕಲ್ಲಿನ ಮೇಲೆ ವಿಜಯಮಹಾಂತೇಶ, ಅವನ ಹಿಂದೆ ಸೀರೆಯ ನಿರಿಗೆ ಎತ್ತಿ ಹಿಡಿದ ಇಡೀ ಓಣಿ.

ಎರೆಮಣ್ಣಿನ ದಾರಿ ಬಂತು. ಗಾಲಿ ಇಳಿಯಿತು, ಮುಳುಗಲಿಲ್ಲ. ಶಂಭುಲಿಂಗನ ಎದೆ ಉಬ್ಬಿತು. ಗಾಲಿಯೂ ಉಬ್ಬಿತು. ಆ ಒತ್ತೊತ್ತಾದ ಹಲ್ಲುಗಳ ನಡುವೆ ಹೊಕ್ಕ ಮಣ್ಣು ಬಂದ ಬಂಧುಗಳಂತೆ ಹೊರಡುವ ಮಾತೇ ಆಡಲಿಲ್ಲ; ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಐದು ಇಂಚು ಆರಾಯಿತು, ಏಳಾಯಿತು. ಬೀಡಿ ತೂರುವ ಸಂದು ಎಂದೋ ಮುಚ್ಚಿತ್ತು. ಚನ್ನಬಸಪ್ಪನ ಹೊಲದ ಅಂಚಿಗೆ ಬರುವಷ್ಟರಲ್ಲಿ ಅದು ಗಾಲಿಯಾಗಿ ಉಳಿಯದೆ ಬೀಸುವ ಕಲ್ಲಾಗಿತ್ತು.

"ಇಳೀರಿ ಅಣ್ಣಾರ, ಇಳೀರಿ!" ಎಂದು ಹಿಂದಿನಿಂದ ವಿಜಯಮಹಾಂತೇಶ ನಗುತ್ತ ಕೂಗಿದ. "ಬುಟ್ಟಿ ಇತ್ತ ಕೊಡ್ರಿ!"

ಬುಟ್ಟಿ ಎಂಬ ಮಾತು ಕೇಳಿದ್ದೇ ಶಂಭುಲಿಂಗ ಪೆಡಲಿನ ಮೇಲೆ ಎದ್ದು ನಿಂತ. ತನ್ನ ಭಾರವನ್ನೆಲ್ಲ, ಕಿತ್ತ ಹಲ್ಲಿನ ನೋವನ್ನೆಲ್ಲ, ಭಾದ್ರಪದದಿಂದ ಕೂಡಿಟ್ಟ ಹೊಟ್ಟೆಯುರಿಯನ್ನೆಲ್ಲ ಒಂದೇ ಕಾಲಿಗೆ ತಂದು ತುಳಿದ. ಗಾಲಿ ಒಂದು ಸಲ, ಒಂದೇ ಸಲ, ಧಡಕ್ಕನೆ ತಿರುಗಿತು. ಸೈಕಲ್ಲು ಬೆದರಿದ ಕುದುರೆಯಂತೆ ಮುಂಗಾಲೆತ್ತಿತು. ಹಗ್ಗ ಹರಿದು ಬುಟ್ಟಿ ಆಕಾಶಕ್ಕೆ ಏರಿತು. ಕಡಬು, ಹೋಳಿಗೆ, ಬಾನ, ಎಣ್ಣೆಗಾಯಿ ಎಲ್ಲ ಹೂಮಳೆಯಂತೆ ಅಗಲವಾಗಿ ಹರಡಿ, ಮೊಣಕಾಲೆತ್ತರ ಬೆಳೆದ ಜೋಳದ ಮೇಲೆ ಬಿದ್ದವು.

ಬಿದ್ದದ್ದು ಚನ್ನಬಸಪ್ಪನ ಜೋಳದ ಮೇಲೆ.

ಶಂಭುಲಿಂಗ ಕೆಸರಿನಲ್ಲಿ ಅಂಗಾತ ಮಲಗಿದ್ದ. ಸೈಕಲ್ಲು ಮಾತ್ರ ಬೀಳಲಿಲ್ಲ. ಎರೆಮಣ್ಣು ಅದನ್ನು ಹೂವಿನ ಮಾಲೆಯ ಸಮೇತ ಕಂಬದ ಹಾಗೆ ಹಿಡಿದು ನಿಲ್ಲಿಸಿತ್ತು. ನಗುವ ಭರದಲ್ಲಿ ದಾರಿ ತಪ್ಪಿದ ವಿಜಯಮಹಾಂತೇಶ ಸ್ವಲ್ಪ ಹಿಂದೆ, ತನ್ನ ಸೈಕಲ್ಲಿನೊಂದಿಗೆ ತಗ್ಗಿನಲ್ಲಿ ಸೊಂಟದವರೆಗೆ ಹೂತಿದ್ದ.

ಜೋಳದ ನಡುವಿನಿಂದ ಚನ್ನಬಸಪ್ಪ ಎದ್ದು ಬಂದ. ಅವನೂ ಹೆಂಡತಿ ಗೋದೂಬಾಯಿಯೊಂದಿಗೆ ತನ್ನ ಚರಗದ ಬುಟ್ಟಿ ತಂದು ಪೂಜೆಗೆ ಕುಳಿತಿದ್ದ. ಅವನ ರುಮಾಲಿನ ಮೇಲೆ ಅರ್ಧ ಕಡಬು ಇತ್ತು. ಅದನ್ನು ತೆಗೆದು ಎರಡೂ ಕಣ್ಣಿಗೆ ಒತ್ತಿಕೊಂಡ.

"ಶಂಕ್ರಣ್ಣಾ," ಎಂದ, ಏದುಸಿರು ಬಿಡುತ್ತ ಆಗಷ್ಟೇ ಅಲ್ಲಿಗೆ ಮುಟ್ಟಿದ ಶಂಕ್ರಪ್ಪನಿಗೆ. "ಒಂದು ಬದುವಿನ ಸಲುವಾಗಿ ನಾ ನಿನಗ ಏನೇನಂದೆ. ನೀ ನಿನ್ನ ಮನಿ ಚರಗಾ ನನ್ನ ಹೊಲಕ್ಕ ಚೆಲ್ಲಿಸಿದಿ. ಅದೂ ಅಳಿಯನ ಕೈಲಿ, ಹೂವಿನ ಮಾಲಿ ಹಾಕಿಸಿ! ನೀ ದೊಡ್ಡಾಂವ ಅಣ್ಣಾ, ನೀ ದೊಡ್ಡಾಂವ!"

ಶಂಕ್ರಪ್ಪ ಅಳಿಯನಿಗೆ ಬೈಯಲೆಂದು ತೆರೆದ ಬಾಯಿ ತೆರೆದೇ ಇತ್ತು. ಅವನು ಅದರಿಂದ ಏನಾದರೂ ಹೊರಡಿಸುವ ಮೊದಲೇ ಗದಿಗೆವ್ವ ಮುಂದೆ ಬಂದಳು.

"ಹೌದಪಾ ಚನ್ನಬಸಣ್ಣ. ನಿಮ್ಮಣ್ಣಾರ ಕಳಿಸಿದ್ರು. ಎಷ್ಟು ದಿನಾ ಅಂತ ಮಾರಿ ತಿರುವಿಕೊಂಡು ಅಡ್ಡಾಡೂದು?"

"ಮತ್ತ ನಿಮ್ಮ ಹೊಲಕ್ಕ?" ಎಂದಳು ಗೋದೂಬಾಯಿ, ಖಾಲಿ ಬುಟ್ಟಿ ನೋಡಿ.

"ನಮ್ಮ ಬುಟ್ಟಿ ಇಲ್ಲೇನು?" ಎಂದ ಚನ್ನಬಸಪ್ಪ. "ನಮ್ಮ ಚರಗಾ ಅಣ್ಣನ ಹೊಲಕ್ಕ. ಆದರ ಒಂದ ಮಾತು, ಈ ಅಳಿಯಾರ ಚೆಲ್ಲಬೇಕು. ಏಳ್ರಿ ಅಳಿಯಾರ! ಎಂಥಾ ಕೈ ನಿಮ್ಮದು! ನಾ ಹುಟ್ಟಿದಾಗಿನಿಂದ ನೋಡೇನಿ, ಇಷ್ಟು ಅಗಲ ಚರಗಾ ಚೆಲ್ಲಿದಾಂವ ಯಾಂವಾ ಇಲ್ಲ."

ಹೀಗೆ ಹಿಂದು ಮುಂದು ಎಲ್ಲ ಕೆಸರಾದ ಶಂಭುಲಿಂಗ, ದಾಯಾದಿಯ ಬುಟ್ಟಿ ಹಿಡಿದು ಮಾವನ ಹೊಲದ ತುಂಬ ಚರಗ ಚೆಲ್ಲಿದ. ಹಿಂದೆ ಶಂಕ್ರಪ್ಪ ನೀರು ಚಿಮುಕಿಸಿದ, ಅವನ ಹಿಂದೆ ಓಣಿ.

ಬನ್ನಿಗಿಡದ ಕೆಳಗೆ ಊಟಕ್ಕೆ ಕುಳಿತಾಗ ಚನ್ನಬಸಪ್ಪ ಶಂಭುಲಿಂಗನ ಎಲೆಗೆ ಹೋಳಿಗೆ ಹಾಕಿದ. ಮತ್ತೆ ಹಾಕಿದ.

"ಶಂಕ್ರಣ್ಣಾ, ಬರೂ ವರ್ಷ ಈ ಅಳಿಯಾರನ್ನ ನಮ್ಮ ಹೊಲಕ್ಕ ಮೊದಲು ಕಳಿಸಬೇಕು ನೋಡು. ಇಂಥಾ ಅಳಿಯ ನನಗ ಸಿಗಲಿಲ್ಲ."

ಶಂಕ್ರಪ್ಪನ ತುತ್ತು ಬಾಯಿಯ ಹತ್ತಿರ ನಿಂತಿತು. ಅವನು ಎದ್ದು ಬಂದು, ಅದೇ ಎಲೆಗೆ ಚನ್ನಬಸಪ್ಪನಿಗಿಂತ ಒಂದು ಹೋಳಿಗೆ ಹೆಚ್ಚು ಹಾಕಿದ.

"ಬುಟ್ಟಿ ಇವರದ, ಇವರು ನಮ್ಮಾವರು," ಎಂದ ಗಟ್ಟಿಯಾಗಿ. "ನಾ ಇರೂತನಕ ಮೊದಲು ನಮ್ಮ ಹೊಲಾನ."

ಬೆಳಿಗ್ಗೆ ಸೈಕಲ್ಲನ್ನು ಕಂಡು ರುಮಾಲು ಕೊಡವಿದ ಅಪ್ಪ ಇವನೇ ಏನು ಎಂದು ದ್ರಾಕ್ಷಾಯಿಣಿ ಮೂಗಿನ ಮೇಲೆ ಬೆರಳಿಟ್ಟಳು. ಮನೆಯಲ್ಲಿ ಆಡಬೇಕೆಂದಿದ್ದ ಮಾತನ್ನು ಅವಳು ಹೋಳಿಗೆಯೊಂದಿಗೆ ನುಂಗಿರಬೇಕು. ಶಂಭುಲಿಂಗನಿಗೆ ಅದು ಎಂದೂ ಕೇಳಲು ಸಿಗಲಿಲ್ಲ.

ಸೈಕಲ್ಲುಗಳನ್ನು ಕೀಳಲು ಆಗಲಿಲ್ಲ. ಮಣ್ಣು ಒಣಗಿದ ಮೇಲೆ ಒಯ್ದರಾಯಿತೆಂದು ಎರಡನ್ನೂ ಅಲ್ಲಿಯೇ ಬಿಟ್ಟು ಎಲ್ಲರೂ ತಂತಮ್ಮ ಊರಿಗೆ ಹೋದರು. ಚನ್ನಬಸಪ್ಪ ಮಾತ್ರ, ಶಂಭುಲಿಂಗನ ಸೈಕಲ್ಲು ನಿಂತ ಮೇಲೆ ತನ್ನ ಜೋಳಕ್ಕೆ ಹಂದಿ ಬರುತ್ತಿಲ್ಲವೆಂದು ಊರಿಗೆಲ್ಲ ಸಾರಿ, ದಿನಾ ಅದಕ್ಕೆ ಊದಿನಕಡ್ಡಿ ಹಚ್ಚತೊಡಗಿದ. ಶಂಕ್ರಪ್ಪನಿಗೆ ಇದನ್ನು ನೋಡಿ ನಿದ್ದೆ ಬರಲಿಲ್ಲ. ಒಂದು ನಸುಕಿನಲ್ಲಿ ಗುದ್ದಲಿಯಿಂದ ಗಾಲಿ ಬಿಡಿಸಿ, ಸೈಕಲ್ಲನ್ನು ಹೊತ್ತು, ಬದುವಿನ ಈಚೆ ತನ್ನ ಹೊಲದಲ್ಲಿ ತಂದು ನಿಲ್ಲಿಸಿದ. ಮರುದಿನ ಅದು ಆಚೆ ಇತ್ತು. ಅದರ ಮರುದಿನ ಈಚೆ. ಬದುವಿನ ಜಗಳವನ್ನು ಇಬ್ಬರೂ ಮರೆತಿದ್ದರು. ಈಗ ಸೈಕಲ್ಲಿನ ಜಗಳಕ್ಕೆ ಊರಿನ ಹಿರಿಯರು ಕೂಡಬೇಕಾಯಿತು.

"ಅಳಿಯಾರ, ನೀವ ಬಂದು ಹೇಳ್ರಿ, ಸೈಕಲ್ ಯಾರ ಹೊಲದಾಗ ನಿಂದ್ರಬೇಕು ಅಂತ," ಎಂದು ಶಂಕ್ರಪ್ಪ ಫೋನು ಮಾಡಿದ. ಅವನದು ಮುಗಿಯುವ ಮೊದಲೇ ಚನ್ನಬಸಪ್ಪನ ಫೋನು ಬಂತು. ಶಂಭುಲಿಂಗ ಇಬ್ಬರಿಗೂ "ವಿಚಾರ ಮಾಡಿ ಹೇಳತೇನಿ" ಎಂದು ಗಂಭೀರವಾಗಿ ಹೇಳಿ, ಅಂಗಡಿಯ ಗಾದಿಯ ಮೇಲೆ ಕಾಲು ಮಡಚಿ ಕುಳಿತು, ಚಹಾ ತರಿಸಿದ.

ಆಗ ಹಾವೇರಿಯಿಂದ ಫೋನು ಬಂತು.

"ಅಣ್ಣಾರ," ಎಂದ ವಿಜಯಮಹಾಂತೇಶ, "ನನ್ನ ಸೈಕಲ್ಲೂ ಅದ ಹೊಲದ ದಾರ್ಯಾಗ ನಿಂತೈತ್ರಿ. ಅದನ್ನ ಒಬ್ಬರೂ ಕದೀವಲ್ರು."